‘ಅನುಮತಿ ಇಲ್ಲ’ ಎನ್ನಬೇಕೇ, ‘ಹಕ್ಕು ಸಾಲದು’ ಎನ್ನಬೇಕೇ?

ಮಾನ್ಯರೆ,

ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ಲಿನಿಯೇಜ್ ಓಎಸ್‌ನಂತಹ ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಳ್ಳುವ ಬಗೆಯನ್ನು ಇಲ್ಲಿ ದಾವಣಗೆರೆಯ ಕೆಲವು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪರ್ಮಿಷನ್’ ಎಂಬ ಒಂದು ಪದದ ಬಳಿ ಆ ಬರಹ ನಿಂತುಹೋಗಿದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಕಳೆದ ವಾರ ನನ್ನ ಅಕ್ಕನ ಮಗ ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಫೋನು ಜೋಡಿಸಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳಿಸುವ ಎಡಿಬಿ ಎಂಬ ತಂತ್ರಾಂಶದಲ್ಲಿ, ಜೋಡಿಸಿದ ಫೋನುಗಳ ಪಟ್ಟಿ ತೋರಿಸುವ ‘ಎಡಿಬಿ ಡಿವೈಸಸ್’ ಎಂಬ ಆದೇಶ ಕೊಟ್ಟಾಗ, ಫೋನಿನ ಕ್ರಮಸಂಖ್ಯೆಯ ಪಕ್ಕದಲ್ಲಿ ‘ನೋ ಪರ್ಮಿಷನ್ಸ್’ ಎಂದು ಬಂತು. ನನ್ನ ಕರಡಿನಲ್ಲಿ ಅದಕ್ಕೆ ‘ಅನುಮತಿ ಇಲ್ಲ’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗ ಫೋನಿನ ಪರದೆಯಲ್ಲಿ ‘ಅನುಮತಿಸಿ’ ಎಂಬ ಗುಂಡಿಗಾಗಿ ಅರ್ಧ ಗಂಟೆ ಹುಡುಕಿದ, ಎಡಿಬಿಯ ಆದೇಶಗಳಿಗೆ ಫೋನನ್ನು ತೆರೆದಿಡುವ ‘ಯುಎಸ್‌ಬಿ ಡೀಬಗಿಂಗ್’ ಆಯ್ಕೆಯನ್ನು ಆಫ್ ಮಾಡಿ ಆನ್ ಮಾಡಿದ, ಕೇಬಲ್ ಬದಲಿಸಿದ, ಕೊನೆಗೆ “ಮಾಮ, ಫೋನು ಪರ್ಮಿಷನ್ ಕೊಡವಲ್ದು” ಎಂದ. ಫೋನು ಏನನ್ನೂ ತಡೆದಿರಲಿಲ್ಲ. ಜೋಡಿಸಿದ ಸಾಧನವನ್ನೂ ಲಿನಕ್ಸ್ ಒಂದು ಕಡತವಾಗಿಯೇ ಕಾಣುತ್ತದೆ; ಆ ಯುಎಸ್‌ಬಿ ಸಾಧನದ ಕಡತವನ್ನು ತೆರೆಯುವ ಹಕ್ಕು ಲ್ಯಾಪ್‌ಟಾಪಿನಲ್ಲಿ ಅವನ ಖಾತೆಗೆ ಇರಲಿಲ್ಲ. ಯಾವ ಸಾಧನವನ್ನು ಯಾರು ತೆರೆಯಬಹುದೆಂದು ಲಿನಕ್ಸ್‌ಗೆ ತಿಳಿಸುವ ಯುಡೆವ್ ನಿಯಮಗಳನ್ನು ಹಾಕಿ, ಖಾತೆಯನ್ನು ಅಂಥ ಸಾಧನಗಳನ್ನು ಬಳಸಬಲ್ಲವರ ‘ಪ್ಲಗ್‌ಡೆವ್’ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಬಂದು, ಎಡಿಬಿ ಸರ್ವರನ್ನು ನಿಲ್ಲಿಸಿ ಹೊಸದಾಗಿ ಶುರುಮಾಡಿದ ಮೇಲೆ, ಅದೇ ಜಾಗದಲ್ಲಿ ‘ಅನ್‌ಆಥರೈಸ್ಡ್’ ಎಂಬ ಬೇರೆ ಪದ ಕಾಣಿಸಿತು. ಆ ಕಂಪ್ಯೂಟರ್ ಯಾವುದೆಂದು ಗುರುತಿಸುವ ಆರ್‌ಎಸ್‌ಎ ಎಂಬ ಗೂಢಲಿಪಿ ಕೀಲಿಯ ಗುರುತನ್ನು ತೋರಿಸಿ ಒಪ್ಪಿಗೆ ಕೇಳುವ ಚೌಕ ಫೋನಿನಲ್ಲಿ ಮೂಡಿದ್ದು ಆಗಲೇ. ಹುಡುಗನ ಅರ್ಧ ಗಂಟೆಯನ್ನು ಹಾಳುಮಾಡಿದ್ದು ನಾನು ಆರಿಸಿದ ಪದ.

‘ಅನುಮತಿ’ಯೊಳಗೆ ‘ಮತಿ’ ಇದೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಮನಸ್ಸಿನಿಂದ ಒಪ್ಪುತ್ತಾರೆ. ಆದ್ದರಿಂದಲೇ ಅನುಮತಿಯನ್ನು ಬೇಡುತ್ತೇವೆ, ಕೊಡುತ್ತೇವೆ, ಪಡೆಯುತ್ತೇವೆ. ಹುಡುಗನ ‘ಕೊಡವಲ್ದು’ ಎಂಬ ಮಾತೂ ಹಾಗೆಯೇ, ‘ಕೊಡಲು ಒಲ್ಲದು’ ಎಂದು ಬಿಡಿಸಿದರೆ ಫೋನಿಗೆ ಮನಸ್ಸೊಂದು ಇದ್ದಂತಾಗುತ್ತದೆ. ಲಿನಕ್ಸ್‌ನಂತಹ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಕಡತದ ಪರ್ಮಿಷನ್ ಎಂದರೆ ಇದಲ್ಲ. ಒಡೆಯ, ಗುಂಪು, ಉಳಿದವರು ಎಂಬ ಮೂವರಿಗೂ ಓದುವ, ಬರೆಯುವ, ನಡೆಸುವ ಮೂರು ಬಾಬ್ತುಗಳಂತೆ ಒಟ್ಟು 9 ಗುರುತುಗಳು ಮೊದಲೇ ಬರೆದಿರುತ್ತವೆ. ಕೇಳಿದ ಹೊತ್ತಿಗೆ ಅಲ್ಲಿ ಯಾರೂ ಯೋಚಿಸಿ ಒಪ್ಪುವುದಿಲ್ಲ. ನಮ್ಮ ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಹೊಲ ಇರುವವರು ‘ನೀರಿಗೆ ನಮಗೆ ಹಕ್ಕಿದೆ’ ಎನ್ನುತ್ತಾರೆಯೇ ಹೊರತು ‘ಅನುಮತಿ ಇದೆ’ ಎನ್ನುವುದಿಲ್ಲ, ಏಕೆಂದರೆ ಹೊಲ ಅಚ್ಚುಕಟ್ಟಿಗೆ ಸೇರಿದ್ದರಿಂದ ಬಂದದ್ದು ಅದು. ಖಾತೆ ಗುಂಪಿಗೆ ಸೇರಿದ್ದರಿಂದ ಬರುವುದೂ ಇದೇ ಜಾತಿಯದು. ಆದ್ದರಿಂದ ಇಲ್ಲಿ ‘ಹಕ್ಕು’ ಸರಿ ಎಂಬುದು ನನ್ನ ಅಭಿಪ್ರಾಯ. ಎಡಿಬಿಯ ಹಳೆಯ ಆವೃತ್ತಿಗಳು ತೋರಿಸುತ್ತಿದ್ದ ‘ಇನ್‌ಸಫಿಶಿಯಂಟ್ ಪರ್ಮಿಷನ್ಸ್’ ಎಂಬುದಕ್ಕಂತೂ ‘ಹಕ್ಕು ಸಾಲದು’ ಎಂಬುದು ಎಳ್ಳಷ್ಟೂ ಎಳೆದಾಡದೆ ಕೂಡುತ್ತದೆ.

ಆಂಡ್ರಾಯ್ಡ್ 4.2.2ರಿಂದ ಬಂದಿರುವ ಆ ಕೀಲಿಯ ಚೌಕಕ್ಕೆ ‘ಒಪ್ಪಿಗೆ’ ಸಾಕು. 2015ರ ಆಂಡ್ರಾಯ್ಡ್ 6ರಿಂದ ಕ್ಯಾಮೆರಾ, ಮೈಕು ಮುಂತಾದವನ್ನು ಬಳಸುವ ಮೊದಲು ಆ್ಯಪ್‌ಗಳು ಕೇಳುವುದಕ್ಕೆ ‘ಅನುಮತಿ’ ಎಂಬ ಪದ ಈಗಾಗಲೇ ನೆಲೆಯೂರಿದೆ, ಅಲ್ಲಿ ಅದು ತಪ್ಪೂ ಅಲ್ಲ. ಒಪ್ಪುವ ಮನುಷ್ಯ ಎದುರಿಗೇ ಇದ್ದಾನೆ.

ಫೋನು ಹೊತ್ತಿಕೊಂಡೊಡನೆ ಮೊದಲು ಓಡುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಬೀಗ ತೆಗೆಯದೆ ಹೊಸ ವ್ಯವಸ್ಥೆಯನ್ನು ಫ್ಲ್ಯಾಶ್ ಮಾಡಲು, ಅಂದರೆ ಫೋನಿಗೆ ಬರೆಯಲು ಹೋದಾಗ ಬರುವ ‘ನಾಟ್ ಅಲೌಡ್ ಇನ್ ಲಾಕ್ ಸ್ಟೇಟ್’ ಎಂಬುದು ಇವೆರಡಕ್ಕೂ ಸೇರದು. ಲ್ಯಾಪ್‌ಟಾಪಿನಲ್ಲಿ ಹಕ್ಕಿದ್ದರೂ, ಫೋನಿನ ಒಡೆಯ ಒಪ್ಪಿದ್ದರೂ, ಬೀಗ ಇರುವವರೆಗೆ ಕೆಲಸ ಸಾಗುವುದಿಲ್ಲ. ಬೀಗ ತೆಗೆದರೆ ಫೋನಿನಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಇದಕ್ಕೆ ಮೊದಲು ‘ಅಪ್ಪಣೆಯಿಲ್ಲ’ ಎಂದು ಬರೆದಿದ್ದೆ. ದೇವರ ಮುಂದೆ ಹೂವಿನ ಅಪ್ಪಣೆ ಕೇಳುವ ನಮ್ಮ ಜನಕ್ಕೆ ಅಪ್ಪಣೆ ಎಂದರೆ ಮೇಲಿನವರು ದಯಪಾಲಿಸುವುದು. ತನ್ನ ದುಡ್ಡಿನಿಂದ ಕೊಂಡ ಫೋನಿನ ಮುಂದೆ ಒಡೆಯನನ್ನು ಕೈಮುಗಿದು ನಿಲ್ಲಿಸುವ ಆ ಪದ ನನಗೆ ಹಿಡಿಸಲಿಲ್ಲ. ‘ಬೀಗ ಬಿದ್ದಿದೆ, ಬರೆಯಲಾಗದು’ ಎಂದು ತಿದ್ದಿದ್ದೇನೆ.

‘ಹಕ್ಕು’ ಎಂದೊಡನೆ ಓದುಗರಿಗೆ ಕಾಯಿದೆ, ಮೂಲಭೂತ ಹಕ್ಕು ನೆನಪಾಗಬಹುದು ಎಂಬ ಅಳುಕು ನನಗಿದೆ. ‘ಬಳಕೆಯ ಹಕ್ಕು’ ಎಂದರೆ ಅದು ತುಸು ಕಡಿಮೆಯಾಗುತ್ತದೆ, ಆದರೆ ದೋಷದ ಸಂದೇಶವಾಗಿ ಉದ್ದವಾಯಿತು. ‘ಪ್ರವೇಶಾಧಿಕಾರ’ ಎಂಬುದನ್ನು ವಿದ್ಯಾರ್ಥಿಗಳ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಪರ್ಮಿಷನ್ ಎಂದೇ ಉಳಿಸಿದರೆ ಹೇಗೆ ಎಂದು ಕೇಳುವವರಿಗೆ ನನ್ನ ತಕರಾರು ಇಷ್ಟೇ: ಮೂರು ಬೇರೆ ತಡೆಗಳಿಗೆ ಒಂದೇ ಪದ ಇದ್ದರೆ, ಯಾವುದನ್ನು ಎಲ್ಲಿ ಸರಿಪಡಿಸಬೇಕೆಂದು ತಿಳಿಯದ ಹುಡುಗರು ಎಲ್ಲ ಆದೇಶಗಳ ಆರಂಭದಲ್ಲೂ ‘ಸುಡೊ’ ಎಂಬ ಪದ ಹಚ್ಚಿ, ಎಲ್ಲ ಹಕ್ಕೂ ಇರುವ ರೂಟ್ ಎಂಬ ಖಾತೆಯಾಗಿಯೇ ಕೆಲಸ ಮಾಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ಕಡತಗಳ ಮಟ್ಟಿಗೆ ‘ಹಕ್ಕು’ ಎಂಬುದನ್ನು ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ? ಬಳಸಿದ್ದರೆ, ಓದಿದವರಿಗೆ ಅದು ಮೊದಲ ಸಲಕ್ಕೇ ತಿಳಿಯಿತೇ?