85 ಮಿಲಿಯನ್ ಡೆಡ್ ಮನಿ ಹೊತ್ತುಕೊಂಡೂ ಬ್ರಾಂಕೋಸ್ ಪ್ಲೇಆಫ್ ಸೇರಿದ್ದು ಹೇಗೆ? ಸ್ಯಾಲರಿ ಕ್ಯಾಪ್ ಪ್ರಶ್ನೋತ್ತರ

ಪ್ರಶ್ನೆ (ಡೆನ್ವರ್‌ನಿಂದ): ಸರ್, ಇದು ಅಮೆರಿಕನ್ ಫುಟ್‌ಬಾಲ್ ಪ್ರಶ್ನೆ, ಆಸಕ್ತಿ ಇಲ್ಲದವರು ಮುಂದೆ ಹೋಗಿ. ನಮ್ಮ ಡೆನ್ವರ್ ಬ್ರಾಂಕೋಸ್ 2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ) ರಸೆಲ್ ವಿಲ್ಸನ್ ಅವರನ್ನು ಕೈಬಿಟ್ಟರು. 85 ಮಿಲಿಯನ್ ಡಾಲರ್ ಡೆಡ್ ಮನಿ (ತಂಡ ಬಿಟ್ಟುಹೋದ ಆಟಗಾರನ ಹೆಸರಲ್ಲಿ ಇನ್ನೂ ಲೆಕ್ಕಕ್ಕೆ ಬರುವ ಹಣ), ಲೀಗ್‌ನಲ್ಲೇ ದಾಖಲೆ, ಇನ್ನೆರಡು ವರ್ಷ ಈ ತಂಡದ ಕಥೆ ಮುಗೀತು ಅಂತ ಟಿವಿಯಲ್ಲಿ ಎಲ್ಲರೂ ಹೇಳಿದ್ದರು. ಆದರೆ ಅದೇ ವರ್ಷ 10 ಗೆದ್ದು 7 ಸೋತು ಪ್ಲೇಆಫ್ ಸೇರಿದರು. ಹಾಗಾದರೆ ಈ ಸ್ಯಾಲರಿ ಕ್ಯಾಪ್ (ಒಂದು ವರ್ಷಕ್ಕೆ ತಂಡದ ಸಂಬಳದ ಲೆಕ್ಕಕ್ಕೆ ಇರುವ ಮಿತಿ) ಅನ್ನೋದು ಸುಮ್ನೆ ಹೆದರಿಸೋಕಾ? ನೀವು ಇದೇ ಕೆಲಸದಲ್ಲಿದ್ದೀರಲ್ಲ, ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನಾನು ಯಾವ ತಂಡದ ಆಫೀಸಿನಲ್ಲೂ ಇಲ್ಲ. ಆಟಗಾರರ ಏಜೆಂಟರ ಕಡೆ ಕಾಂಟ್ರ್ಯಾಕ್ಟ್ ಲೆಕ್ಕ ನೋಡುವವನು. ಅಂದರೆ ಎದುರಿನ ಪಾರ್ಟಿ! ಆದರೆ ಲೆಕ್ಕ ಎರಡೂ ಕಡೆ ಒಂದೇ.

ಕ್ಯಾಪ್ ಸುಳ್ಳಲ್ಲ. ಆದರೆ ಟಿವಿಯಲ್ಲಿ ಹೇಳುವ ಹಾಗೆ ಅದು ಗೋಡೆಯೂ ಅಲ್ಲ. ಆಟಗಾರನಿಗೆ ಕೊಟ್ಟ ಪ್ರತಿ ಡಾಲರ್ ಯಾವತ್ತಾದರೂ ಒಂದು ದಿನ ಕ್ಯಾಪ್ ಲೆಕ್ಕಕ್ಕೆ ಬಂದೇ ಬರುತ್ತದೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಯಾವ ವರ್ಷದ ಲೆಕ್ಕಕ್ಕೆ ಬರಬೇಕು ಅನ್ನೋದು ಮಾತ್ರ ತಂಡದ ಕೈಯಲ್ಲಿದೆ. ನಮ್ಮ ಕಸುಬೆಲ್ಲ ಇಷ್ಟೇ.

ವಿಲ್ಸನ್ ಲೆಕ್ಕ ನೋಡಿ. 2022ರಲ್ಲಿ ಸಿಯಾಟಲ್‌ನಿಂದ ಅವರನ್ನು ತಂದರು, ಡೆನ್ವರ್‌ಗೆ ಒಂದು ಪಂದ್ಯ ಆಡುವ ಮೊದಲೇ 5 ವರ್ಷಕ್ಕೆ 245 ಮಿಲಿಯನ್ ಒಪ್ಪಂದ ಬರೆದುಕೊಟ್ಟರು. (10 ಮಿಲಿಯನ್ ಅಂದರೆ 1 ಕೋಟಿ, ಊರಲ್ಲಿ ಓದುವವರು ಗಮನಿಸಿ.) ಅದರಲ್ಲಿ 50 ಮಿಲಿಯನ್ ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಹಣ. ಬೋನಸ್ ಹಣ ಆಟಗಾರನ ಕೈಗೆ ಬೇಗ ಸೇರುತ್ತದೆ, ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು 5 ವರ್ಷದವರೆಗೂ ಕಂತು ಮಾಡಬಹುದು, ಅಂದರೆ ವರ್ಷಕ್ಕೆ 10. ಮಾರನೇ ವರ್ಷ ಇನ್ನೊಂದು 20 ಮಿಲಿಯನ್ ಬೋನಸ್ ಬಂತು, ಅದರ ಕಂತು ವರ್ಷಕ್ಕೆ 4. 2024ರಲ್ಲಿ ಕೈಬಿಟ್ಟಾಗ ಮೊದಲ ಬೋನಸ್‌ನಲ್ಲಿ 30, ಎರಡನೆಯದರಲ್ಲಿ 16 ಬಾಕಿ ಇತ್ತು. ಅದರ ಜೊತೆ ಆ ವರ್ಷದ ಗ್ಯಾರಂಟಿ ಸಂಬಳ (ಕೈಬಿಟ್ಟರೂ ಕೊಡಲೇಬೇಕಾದದ್ದು) 39. ಕೂಡಿಸಿ, 85 ಆಯಿತಲ್ವಾ?

ಈಗ ಮುಖ್ಯ ವಿಷಯ. ಆ 85ರಲ್ಲಿ ಒಂದು ಡಾಲರ್ ಕೂಡ ಅವರನ್ನು ಕೈಬಿಟ್ಟಿದ್ದರಿಂದ ಹುಟ್ಟಿದ್ದಲ್ಲ. ಎಲ್ಲವೂ ಮೊದಲೇ ಕೊಟ್ಟಾಗಿತ್ತು, ಇಲ್ಲವೇ ಕೊಡಲೇಬೇಕಿತ್ತು. ತಂಡದಲ್ಲಿ ಇಟ್ಟುಕೊಂಡಿದ್ದರೆ ಅದೇ ಮಾರ್ಚ್‌ನಲ್ಲಿ 2025ರ 37 ಮಿಲಿಯನ್ ಸಂಬಳವೂ ಗ್ಯಾರಂಟಿ ಆಗಿಬಿಡುತ್ತಿತ್ತು. ಹಾಗಾಗಿ ಅವರ ಮುಂದಿದ್ದ ಪ್ರಶ್ನೆ 85 ಕಳೆದುಕೊಳ್ಳೋಣವೇ ಅನ್ನೋದಲ್ಲ, ಅದರ ಮೇಲೆ ಇನ್ನೂ 37 ಹಾಕೋಣವೇ ಅನ್ನೋದು. ಹೀಗೆ ನೋಡಿದರೆ ನಿರ್ಧಾರ ಕಷ್ಟದ್ದೇನಲ್ಲ. ಕಷ್ಟವಾಗಿದ್ದು, ತಪ್ಪಾಗಿದ್ದು, 2022ರದ್ದು.

ಪ್ರಶ್ನೆ (ಅದೇ ಸದಸ್ಯರು): ಅದು ಸರಿ ಸರ್, ಆದರೆ 85 ಹೊತ್ತುಕೊಂಡು ಉಳಿದ ತಂಡ ಕಟ್ಟಿದ್ದು ಹೇಗೆ?

ಉತ್ತರ: ಮೊದಲನೆಯದಾಗಿ, 85 ಒಂದೇ ವರ್ಷಕ್ಕೆ ಬೀಳಲಿಲ್ಲ. ಜೂನ್ 1ರ ನಿಯಮ ಅಂತ ಒಂದಿದೆ. ಆ ದಿನದ ನಂತರ ಆಟಗಾರನನ್ನು ಬಿಟ್ಟರೆ ಈ ವರ್ಷದ ಕಂತು ಈ ವರ್ಷಕ್ಕೆ, ಉಳಿದ ಕಂತೆಲ್ಲ ಒಟ್ಟಾಗಿ ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಟ್ಟರೂ ವರ್ಷಕ್ಕೆ ಇಬ್ಬರನ್ನು "ಜೂನ್ 1ರ ನಂತರ ಬಿಟ್ಟವರು" ಅಂತ ಗುರುತು ಹಾಕಲು ಅವಕಾಶ ಇದೆ. ವಿಲ್ಸನ್‌ಗೆ ಅದನ್ನೇ ಬಳಸಿದರು. 2024ಕ್ಕೆ 53, 2025ಕ್ಕೆ 32. ಅವರನ್ನು ಪಿಟ್ಸ್‌ಬರ್ಗ್ ಕನಿಷ್ಠ ಸಂಬಳವಾದ 1.21 ಮಿಲಿಯನ್‌ಗೆ ತೆಗೆದುಕೊಂಡಿತು. ಆ ವರ್ಷದ ಉಳಿದ ಸಂಬಳವನ್ನೆಲ್ಲ ಕೊಟ್ಟಿದ್ದು ಡೆನ್ವರ್! ಏಜೆಂಟರ ಕಡೆಯವನಾಗಿ ಹೇಳ್ತೀನಿ, ಗ್ಯಾರಂಟಿ ಅಂದರೆ ಹೀಗಿರಬೇಕು.

2024ರ ಕ್ಯಾಪ್ 255.4 ಮಿಲಿಯನ್. ಅದರಲ್ಲಿ 53 ಅಂದರೆ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆಟವನ್ನೇ ಆಡದ ಒಬ್ಬರಿಗೆ. ಇದು ಸಣ್ಣ ಪೆಟ್ಟಲ್ಲ, ಅದಕ್ಕೆ ಬೆಲೆಯನ್ನೂ ತೆತ್ತರು. ಅದೇ ಮಾರ್ಚ್‌ನಲ್ಲಿ ಸೇಫ್ಟಿ (ರಕ್ಷಣಾ ಆಟಗಾರ) ಜಸ್ಟಿನ್ ಸಿಮನ್ಸ್ ಅವರನ್ನು ಬಿಟ್ಟರು, ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಜೆರ್ರಿ ಜೂಡಿ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಐದು ಮತ್ತು ಆರನೇ ಸುತ್ತಿನ ಡ್ರಾಫ್ಟ್ ಪಿಕ್‌ಗಳಿಗೆ (ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಹಕ್ಕು) ಕೊಟ್ಟುಬಿಟ್ಟರು. ಅವರಿಬ್ಬರೂ ಇರಬೇಕಾಗಿದ್ದ ಜಾಗದಲ್ಲಿ ಕಡಿಮೆ ಸಂಬಳದ ಹುಡುಗರು ಬಂದರು.

ಅದೃಷ್ಟವೂ ಇತ್ತು. 2023ರಲ್ಲಿ 224.8 ಇದ್ದ ಕ್ಯಾಪ್ ಒಂದೇ ವರ್ಷದಲ್ಲಿ 30 ಮಿಲಿಯನ್‌ಗೂ ಮೀರಿ ಏರಿತು. ಕೋವಿಡ್ ಕಾಲದ ಬಾಕಿ ತೀರಿತ್ತು, ಟಿವಿ ಹಕ್ಕಿನ ಹಣವೂ ಹೆಚ್ಚಿತ್ತು.

ಆದರೆ ನಿಜವಾಗಿ ಅವರನ್ನು ಎತ್ತಿದ್ದು ಹೊಸ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್. 12ನೇ ಪಿಕ್, 4 ವರ್ಷಕ್ಕೆ ಒಟ್ಟು 18 ಮಿಲಿಯನ್ ಚಿಲ್ಲರೆ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಿಂದ ಡ್ರಾಫ್ಟ್ ಆದ ಹುಡುಗರ ಸಂಬಳ ಪಿಕ್ ನಂಬರಿನ ಮೇಲೆ ಹೆಚ್ಚು ಕಡಿಮೆ ನಿಗದಿ ಆಗಿಬಿಟ್ಟಿದೆ, ಚೌಕಾಸಿಗೆ ಜಾಗ ಇಲ್ಲ. ಅದಕ್ಕೂ ಮುಂಚೆ, 2010ರಲ್ಲಿ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ 50 ಮಿಲಿಯನ್ ಗ್ಯಾರಂಟಿ ಸಿಕ್ಕಿತ್ತು. ಮಾರನೇ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಸಿಕ್ಕಿದ್ದು ಒಟ್ಟು 22. ಒಂದೇ ವರ್ಷದಲ್ಲಿ ಅಷ್ಟು ಬದಲಾಯಿತು. ಅಂದಿನಿಂದ ಈ ಲೀಗ್‌ನಲ್ಲಿ ಚೆನ್ನಾಗಿ ಆಡುವ, ಮೊದಲ ಒಪ್ಪಂದದಲ್ಲೇ ಇರುವ ಕ್ವಾರ್ಟರ್‌ಬ್ಯಾಕ್‌ಗಿಂತ ದೊಡ್ಡ ಲಾಭ ಬೇರೆ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ 2022ರ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಪಿಕ್ ಬ್ರಾಕ್ ಪರ್ಡಿಯನ್ನು ಇಟ್ಟುಕೊಂಡು 2023ರ ಸೀಸನ್‌ನಲ್ಲಿ ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಹೋಯಿತು. ಆಗ ಅವರ ಸಂಬಳ ವರ್ಷಕ್ಕೆ 1 ಮಿಲಿಯನ್ನೂ ಇರಲಿಲ್ಲ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಗುರುಗಳೇ, ಐಪಿಎಲ್‌ನಲ್ಲೂ ಪರ್ಸ್ ಇದೆಯಲ್ಲ? ಆರ್‌ಸಿಬಿ 2025ಕ್ಕೆ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿದ 83 ಕೋಟಿ ಹಿಡಿದು ಹರಾಜಿಗೆ ಹೋಗಿತ್ತು. ಅದೇ ಥರಾನಾ ಇದು?

ಉತ್ತರ: ಹೊರಗಿಂದ ನೋಡೋಕೆ ಒಂದೇ ಥರ, ಒಳಗೆ ಬೇರೆ. ಐಪಿಎಲ್‌ನಲ್ಲಿ ಹರಾಜಿನಲ್ಲಿ ಕೂಗಿದ ಬೆಲೆಯೇ ಆ ಸೀಸನ್‌ನ ಲೆಕ್ಕ. ಕಂತು ಇಲ್ಲ, ಮುಂದಿನ ವರ್ಷದಿಂದ ಎರವಲು ಇಲ್ಲ. ಅದೂ ಅಲ್ಲದೆ ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಸ್ಲೇಟು ಒರೆಸಿ ಹೋಗುತ್ತದೆ. ಇಲ್ಲಿ ಯಾರೂ ಸ್ಲೇಟು ಒರೆಸುವುದಿಲ್ಲ, ನೀವು 2022ರಲ್ಲಿ ಬರೆದಿದ್ದು 2025ರಲ್ಲೂ ಅಲ್ಲೇ ಇರುತ್ತದೆ.

ಪ್ರಶ್ನೆ (ಹ್ಯೂಸ್ಟನ್‌ನಿಂದ): ಸರ್, ನಮ್ಮನೆಯವರು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಅಭಿಮಾನಿ. ಪ್ರತಿ ಫೆಬ್ರವರಿಯಲ್ಲೂ "ಸೇಂಟ್ಸ್ ಕ್ಯಾಪ್‌ಗಿಂತ ಇಷ್ಟು ಮಿಲಿಯನ್ ಮೇಲಿದ್ದಾರೆ" ಅಂತ ಸುದ್ದಿ ಬರುತ್ತೆ, ಮಾರ್ಚ್ ಬರೋಷ್ಟರಲ್ಲಿ ಸರಿ ಹೋಗಿರುತ್ತೆ. ಆ ರೀಸ್ಟ್ರಕ್ಚರ್ ಅನ್ನೋದು ಏನು? ಆಟಗಾರರು ಸಂಬಳ ಬಿಟ್ಟುಕೊಡ್ತಾರಾ?

ಉತ್ತರ: ಇಲ್ಲ ಮೇಡಂ, ಒಂದು ಪೈಸೆಯೂ ಬಿಡಲ್ಲ. ಉಲ್ಟಾ, ಹಣ ಬೇಗ ಕೈಗೆ ಬರುತ್ತದೆ. ಅದಕ್ಕೇ ರೀಸ್ಟ್ರಕ್ಚರ್ ಅಂತ ಫೋನ್ ಬಂದರೆ ನಮ್ಮ ಆಫೀಸಿನಲ್ಲಿ ಯಾರೂ ಬೇಡ ಅನ್ನಲ್ಲ. ಎಷ್ಟೋ ಒಪ್ಪಂದಗಳಲ್ಲಿ ಆಟಗಾರನನ್ನು ಕೇಳದೇ ಮಾಡಬಹುದು ಅಂತಲೇ ಬರೆದಿರುತ್ತದೆ.

ಒಂದು ಲೆಕ್ಕ ಹಾಕೋಣ. ಒಬ್ಬ ಆಟಗಾರನಿಗೆ ಈ ವರ್ಷದ ಸಂಬಳ 22 ಮಿಲಿಯನ್, ಈ ವರ್ಷವೂ ಸೇರಿ 4 ವರ್ಷ ಒಪ್ಪಂದ ಬಾಕಿ ಇದೆ ಅಂದುಕೊಳ್ಳಿ. ತಂಡ ಅದರಲ್ಲಿ 20 ಅನ್ನು ಬೋನಸ್ ಅಂತ ಬದಲಿಸಿ ಈಗಲೇ ಕೊಟ್ಟುಬಿಡುತ್ತದೆ. ಕ್ಯಾಪ್‌ನಲ್ಲಿ ಅದು ವರ್ಷಕ್ಕೆ 5ರಂತೆ ಹಂಚಿಹೋಗುತ್ತದೆ. ಈ ವರ್ಷದ ಲೆಕ್ಕ 2 ಮತ್ತು 5, ಒಟ್ಟು 7. ಅಂದರೆ 15 ಮಿಲಿಯನ್ ಜಾಗ ಸಿಕ್ಕಿತು. ಆದರೆ ಮುಂದಿನ ಮೂರು ವರ್ಷವೂ 5 ಜಾಸ್ತಿ. ಚೀಟಿಯನ್ನು ಮೊದಲ ತಿಂಗಳೇ ಎತ್ತಿಕೊಂಡ ಹಾಗೆ, ಕೈಯಲ್ಲಿ ಹಣ ಇದೆ, ಕಂತು ಮಾತ್ರ ಕೊನೇವರೆಗೂ ಕಟ್ಟಬೇಕು. ಮಾರನೇ ವರ್ಷ ಆ ಆಟಗಾರನ ಮಂಡಿ ಹೋಯಿತು, ಬಿಡಬೇಕಾಯಿತು ಅಂದರೆ ಉಳಿದ 15 ಒಂದೇ ಸಲ ಮೈಮೇಲೆ ಬರುತ್ತದೆ. ಜೂನ್ 1ರ ಗುರುತು ಹಾಕಿದರೆ ಆ ವರ್ಷ 5, ಅದರ ಮುಂದಿನ ವರ್ಷ 10.

ವಾಯ್ಡ್ ಇಯರ್ ಅಂತ ಕೇಳಿರುತ್ತೀರಿ. ಆಟಗಾರ ಆಡುವುದೇ ಇಲ್ಲದ, ಕಾಗದದ ಮೇಲೆ ಮಾತ್ರ ಇರುವ ವರ್ಷಗಳು. ಕಂತಿನ ಸಂಖ್ಯೆ ಹೆಚ್ಚಿಸೋಕೆ ಅಷ್ಟೇ. ಮೇಲಿನ ಲೆಕ್ಕಕ್ಕೆ ಅಂಥದ್ದೊಂದು ಸೇರಿಸಿದರೆ ಕಂತು 5ರ ಬದಲು 4 ಆಗುತ್ತದೆ.

ಕ್ಯಾಪ್ ಪ್ರತಿ ವರ್ಷ ಏರುತ್ತಿರುವಾಗ ಇದು ಅಗ್ಗದ ಸಾಲ. 1994ರಲ್ಲಿ ಶುರುವಾದಾಗ 34.6 ಮಿಲಿಯನ್ ಇತ್ತು, 2025ರಲ್ಲಿ 279.2. ಅಂಥದ್ದರಲ್ಲಿ ಇವತ್ತಿನ 5 ನಾಲ್ಕು ವರ್ಷದ ನಂತರ ಚಿಕ್ಕದಾಗಿ ಕಾಣುತ್ತದೆ. ಸೇಂಟ್ಸ್ ಜನರಲ್ ಮ್ಯಾನೇಜರ್ ಮಿಕ್ಕಿ ಲೂಮಿಸ್ ನಂಬಿದ್ದು ಇದನ್ನೇ, ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಆಡುತ್ತಿದ್ದಷ್ಟು ದಿನ ಅದು ಸರಿಯಾಗಿಯೇ ಇತ್ತು. 2021ರಲ್ಲಿ ಎರಡು ಒಟ್ಟಿಗೆ ಆಯಿತು. ಪ್ರೇಕ್ಷಕರಿಲ್ಲದ ಕೋವಿಡ್ ವರ್ಷದಿಂದ ಕ್ಯಾಪ್ 198.2ರಿಂದ 182.5ಕ್ಕೆ ಇಳಿಯಿತು, ಬ್ರೀಸ್ ನಿವೃತ್ತರಾದರು. ನಿವೃತ್ತಿಗೆ ಮುಂಚೆ ಅವರು ತಮ್ಮ 25 ಮಿಲಿಯನ್ ಸಂಬಳವನ್ನು ಕನಿಷ್ಠಕ್ಕೆ ಇಳಿಸಿ ತಂಡಕ್ಕೆ ಉಸಿರಾಡಲು ಜಾಗ ಮಾಡಿಕೊಟ್ಟರು, ಆದರೂ ಹಳೇ ಕಂತು ಎರಡು ವರ್ಷ ಬೆನ್ನಿಗೆ ಬಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ವಾಯ್ಡ್ ಇಯರ್ ಕೆಟ್ಟದ್ದಲ್ಲ. ಫಿಲಡೆಲ್ಫಿಯಾ ತಂಡ ಅದನ್ನು ಎಲ್ಲರಿಗಿಂತ ಧಾರಾಳವಾಗಿ ಬಳಸುತ್ತದೆ, 2024ರ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು. ವ್ಯತ್ಯಾಸ ಎಲ್ಲಿದೆ ಅಂದರೆ, ಅವರು ಹೆಚ್ಚಾಗಿ ಇನ್ನೂ ಏರುವ ವಯಸ್ಸಿನವರ ಹಣವನ್ನು ಮುಂದಕ್ಕೆ ಹಾಕುತ್ತಾರೆ. ಸೇಂಟ್ಸ್ ಇಳಿಯುತ್ತಿರುವವರ ಹಣವನ್ನೇ ಮತ್ತೆ ಮತ್ತೆ ಮುಂದಕ್ಕೆ ಹಾಕಿದರು. ನಿಮ್ಮ ಮನೆಯವರಿಗೆ ಇದನ್ನು ನಾನು ಹೇಳಿದೆ ಅಂತ ಹೇಳಬೇಡಿ.

ಪ್ರಶ್ನೆ (ಬೆಂಗಳೂರಿನಿಂದ): ಸೀಸನ್ ಮುಂಚೆ ತಂಡದಲ್ಲಿ 90 ಜನ ಇರ್ತಾರಲ್ಲ, ಅಷ್ಟೂ ಜನ ಕ್ಯಾಪ್ ಒಳಗೆ ಹೇಗೆ ಹಿಡೀತಾರೆ?

ಉತ್ತರ: ಹಿಡಿಯಲ್ಲ. ಅದಕ್ಕೇ ಮಾರ್ಚ್‌ನಿಂದ ಸೀಸನ್ ಶುರುವಾಗುವವರೆಗೆ ಅತಿ ಹೆಚ್ಚು ಲೆಕ್ಕ ಬರುವ 51 ಜನರದ್ದನ್ನು ಪೂರ್ತಿ ಎಣಿಸುತ್ತಾರೆ, ಜೊತೆಗೆ ಡೆಡ್ ಮನಿ. ಉಳಿದವರ ಬೋನಸ್ ಕಂತು ಮಾತ್ರ ಸೇರುತ್ತದೆ. ಸೆಪ್ಟೆಂಬರ್‌ನಲ್ಲಿ ಈ ರಿಯಾಯಿತಿ ಹೋಗುತ್ತದೆ. ಆಗ 53 ಜನ, ಪ್ರ್ಯಾಕ್ಟೀಸ್ ಸ್ಕ್ವಾಡ್‌ನ 16 ಜನ, ಗಾಯಗೊಂಡು ಪಟ್ಟಿಯಲ್ಲಿರುವವರು, ಎಲ್ಲರೂ ಲೆಕ್ಕಕ್ಕೆ. ಗಾಯಗೊಂಡವನ ಸಂಬಳ ನಿಲ್ಲಲ್ಲ, ಅವನ ಜಾಗಕ್ಕೆ ಬಂದವನದ್ದೂ ಸೇರುತ್ತದೆ. ಆಗಸ್ಟ್‌ನಲ್ಲಿ ಜಾಗವನ್ನೆಲ್ಲ ಖರ್ಚು ಮಾಡಿದ ತಂಡ ಅಕ್ಟೋಬರ್‌ನಲ್ಲಿ ಇಬ್ಬರು ಲೈನ್‌ಮನ್ ಬಿದ್ದರೆ ಮತ್ತೆ ಯಾರದೋ ಒಪ್ಪಂದ ರೀಸ್ಟ್ರಕ್ಚರ್ ಮಾಡಬೇಕಾಗುತ್ತದೆ. ಉಳಿಸಿದ ಜಾಗ ವ್ಯರ್ಥ ಅಲ್ಲ, ಅದು ಮುಂದಿನ ವರ್ಷಕ್ಕೆ ಹೋಗುತ್ತದೆ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಇಷ್ಟೆಲ್ಲ ಕಂತು ಮಾಡಬಹುದು ಅಂದಮೇಲೆ ಯಾರನ್ನೂ ಬಿಡೋದೇ ಬೇಡ ಅಲ್ವಾ? ಕ್ಯಾನ್ಸಸ್ ಸಿಟಿ ರಿಸೀವರ್ ಟೈರೀಕ್ ಹಿಲ್‌ನ ಯಾಕೆ ಬಿಟ್ಟಿದ್ದು?

ಉತ್ತರ: ಕಂತು ಹಾಕಬಹುದು, ಆದರೆ ಬೋನಸ್ ನಗದು ಈಗಲೇ ಬೇಕು, ಮಾಲೀಕರ ಜೇಬಿನಿಂದ. ಮುಂದಿನ ವರ್ಷಗಳ ಪೂರ್ತಿ ಗ್ಯಾರಂಟಿ ಹಣದಲ್ಲಿ ದೊಡ್ಡ ಪಾಲನ್ನೂ ಈಗಲೇ ಎತ್ತಿಡಬೇಕು ಅನ್ನುವ ನಿಯಮ ಇದೆ. ಕ್ಲೀವ್‌ಲ್ಯಾಂಡ್ 2022ರಲ್ಲಿ ಡಿಶಾನ್ ವಾಟ್ಸನ್‌ಗೆ 230 ಮಿಲಿಯನ್ನೂ ಗ್ಯಾರಂಟಿ ಕೊಟ್ಟಾಗ ಉಳಿದ ಮಾಲೀಕರು ಯಾಕೆ ಸಿಡಿಮಿಡಿಗೊಂಡರು ಅನ್ನೋದಕ್ಕೆ ಇದೂ ಒಂದು ಕಾರಣ.

ಹಿಲ್ ವಿಷಯ ನನಗೆ ತುಂಬಾ ಇಷ್ಟವಾದ ನಿರ್ಧಾರ. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ಗೆ 2020ರಲ್ಲಿ 10 ವರ್ಷಕ್ಕೆ 450 ಮಿಲಿಯನ್ ಬರೆದಾಗಿತ್ತು. 2022ರ ಮಾರ್ಚ್‌ನಲ್ಲಿ ಹಿಲ್‌ಗೂ ದೊಡ್ಡ ಒಪ್ಪಂದ ಬೇಕಿತ್ತು. ಜಾಗ ಮಾಡೋಕೆ ದಾರಿ ಇತ್ತು, ನಂಬಿ. ಆದರೂ ಐದು ಡ್ರಾಫ್ಟ್ ಪಿಕ್ ತೆಗೆದುಕೊಂಡು ಮಯಾಮಿಗೆ ಕೊಟ್ಟರು. ಮಯಾಮಿ 4 ವರ್ಷಕ್ಕೆ 120 ಬರೆಯಿತು. ಕ್ಯಾನ್ಸಸ್ ಸಿಟಿ ಆ ಪಿಕ್‌ಗಳಿಂದ ಕಡಿಮೆ ಸಂಬಳದ ಹುಡುಗರನ್ನು ತುಂಬಿಕೊಂಡು ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು. ಹಿಲ್ ಮಯಾಮಿಯಲ್ಲಿ ಚೆನ್ನಾಗಿ ಆಡಲಿಲ್ಲ ಅಂತಲ್ಲ, ಅದ್ಭುತವಾಗಿಯೇ ಆಡಿದರು! ಆದರೂ ಕೊಟ್ಟಿದ್ದು ಸರಿ.

ಪ್ರಶ್ನೆ (ಡೆನ್ವರ್‌ನಿಂದ): ಕೊನೇ ಪ್ರಶ್ನೆ ಸರ್. ನಿಕ್ಸ್‌ಗೆ ದೊಡ್ಡ ಸಂಬಳ ಯಾವಾಗ ಶುರು? ಅಲ್ಲಿವರೆಗೆ ನಾವು ಎಷ್ಟು ಖರ್ಚು ಮಾಡಬಹುದು?

ಉತ್ತರ: ನಿಯಮದ ಪ್ರಕಾರ ಮೂರು ಸೀಸನ್ ಮುಗಿಯದೆ ಹೊಸ ಒಪ್ಪಂದ ಬರೆಯೋ ಹಾಗಿಲ್ಲ, ಅಂದರೆ 2026ರ ಸೀಸನ್ ಆದಮೇಲೆ. ಮೊದಲ ಸುತ್ತಿನ ಪಿಕ್ ಆದ್ದರಿಂದ ತಂಡಕ್ಕೆ ಮೊದಲ ಒಪ್ಪಂದವನ್ನು ಐದನೇ ವರ್ಷಕ್ಕೆ ಮುಂದುವರಿಸುವ ಆಯ್ಕೆಯೂ ಇದೆ, ಅದು 2028ಕ್ಕೆ. ಸಾಮಾನ್ಯವಾಗಿ ಹೊಸ ಒಪ್ಪಂದದ ಮೊದಲ ಒಂದೆರಡು ವರ್ಷದ ಕ್ಯಾಪ್ ಲೆಕ್ಕವನ್ನು ಕಡಿಮೆ ಇಡುತ್ತಾರೆ, ಹಾಗಾಗಿ ನಿಜವಾದ ಭಾರ 2028ರ ಸುಮಾರಿಗೆ. 2025ರ 32ರೊಂದಿಗೆ ವಿಲ್ಸನ್ ಲೆಕ್ಕ ಪೂರ್ತಿ ತೀರಿತು. ಕಾರ್ನರ್‌ಬ್ಯಾಕ್ ಪ್ಯಾಟ್ ಸರ್ಟೈನ್‌ಗೆ 2024ರ ಸೆಪ್ಟೆಂಬರ್‌ನಲ್ಲೇ, ಆ 53 ಮಿಲಿಯನ್ ಇದ್ದ ವರ್ಷದಲ್ಲೇ, 4 ವರ್ಷಕ್ಕೆ 96 ಬರೆದರಲ್ಲ, ಅದೇ ಸರಿಯಾದ ದಾರಿ. ಈ ಸಮಯದಲ್ಲಿ 25 ವಯಸ್ಸಿನ ಆಸುಪಾಸಿನವರಿಗೆ ಕೊಡಲಿ. 31 ದಾಟಿದ ಹೆಸರುವಾಸಿ ಆಟಗಾರನಿಗೆ ಮೂರು ವರ್ಷ ಗ್ಯಾರಂಟಿ ಕೊಟ್ಟರು ಅಂತ ಸುದ್ದಿ ಬಂದರೆ ಇಲ್ಲಿ ಬಂದು ಬರೆಯಿರಿ, ಒಪ್ಪಂದ ನೋಡಿ ಲೆಕ್ಕ ಹಾಕಿ ಕೊಡ್ತೀನಿ.