ಮಗಳ ಜೀವನಾಂಶಕ್ಕೆ ಎಷ್ಟು ಕೇಳುವುದು ನ್ಯಾಯ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಸಂಬಳ ತಿಂಗಳಿಗೆ 28,000 ರೂಪಾಯಿ. ಒಂದು ವರ್ಷದಿಂದ ಎಂಟು ವರ್ಷದ ಮಗಳೊಂದಿಗೆ ಬಾಡಿಗೆ ಮನೆಯಲ್ಲಿದ್ದೇನೆ. ಬೆಂಗಳೂರಿನಲ್ಲಿರುವ ಪತಿಗೆ ತೆರಿಗೆ, ಭವಿಷ್ಯ ನಿಧಿ ಕಳೆದು 84,000 ಕೈಗೆ ಬರುತ್ತದೆ. ಫ್ಲ್ಯಾಟಿನ ಸಾಲದ ಕಂತಿಗೇ 30,000 ಹೋಗುತ್ತದೆ, ನೀನೂ ದುಡಿಯುತ್ತೀಯಲ್ಲ ಎನ್ನುತ್ತಾರೆ. ನನಗಾಗಿ ಏನೂ ಬೇಡ, ಮಗಳಿಗೆ ಬೇಕು. ಸಂಬಳದ ಕಾಲು ಭಾಗ ಕೊಡಲೇಬೇಕೆಂಬ ಕಾನೂನಿದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಅಂಥ ಕಾನೂನು ಇಲ್ಲ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪತಿಯ ನಿವ್ವಳ ಸಂಬಳದ ಶೇಕಡಾ 25ರಷ್ಟು ಮೊತ್ತ ಪತ್ನಿಗೆ ನ್ಯಾಯಯುತವಾಗಬಹುದು ಎಂದಿತ್ತು. ಆ ಮಾತೇ ಬಾಯಿಂದ ಬಾಯಿಗೆ ಹರಿದು ಮಕ್ಕಳಿಗೂ ಅನ್ವಯಿಸುವ ನಿಯಮವೆಂಬಂತೆ ಹಬ್ಬಿದೆ. ಮಗುವಿನ ಲೆಕ್ಕವನ್ನು ತಂದೆಯ ಸಂಬಳದಿಂದ ಆರಂಭಿಸಬೇಡಿ, ಮಗುವಿನ ಖರ್ಚಿನಿಂದ ಆರಂಭಿಸಿ ಎಂದು ನನ್ನ ಬಳಿ ಬರುವ ಪ್ರತಿಯೊಬ್ಬ ತಾಯಿಗೂ ಹೇಳುತ್ತೇನೆ.

ಒಂದು ನೋಟ್‌ಬುಕ್ಕಿನಲ್ಲಿ ಮಗಳ ಖರ್ಚನ್ನು ಮಾತ್ರ ಬರೆಯಿರಿ. ವರ್ಷದ ಶಾಲಾ ಶುಲ್ಕ 72,000 ಎಂದಿಟ್ಟುಕೊಂಡರೆ ತಿಂಗಳಿಗೆ 6,000 ಆಯಿತು. ವ್ಯಾನಿಗೆ 1,800, ಪುಸ್ತಕ ಮತ್ತು ಸಮವಸ್ತ್ರಕ್ಕೆ 1,000, ಊಟ, ಹಾಲು, ಬಟ್ಟೆಗೆ 6,000, ವೈದ್ಯರು ಮತ್ತು ಔಷಧಿಗೆ 1,200. ಬಹುತೇಕ ತಾಯಂದಿರು ಮರೆಯುವುದು ಬಾಡಿಗೆಯನ್ನು: 9,000 ರೂಪಾಯಿ ಬಾಡಿಗೆಯ ಮನೆಯಲ್ಲಿ ಇಬ್ಬರೇ ಇದ್ದರೆ ಅದರಲ್ಲಿ 4,500 ಮಗಳ ಪಾಲು. ಎಲ್ಲ ಸೇರಿ 20,500.

ಮುಂದಿನ ಹೆಜ್ಜೆ ಹಂಚಿಕೆ. ತಂದೆ ತಾಯಿ ಇಬ್ಬರೂ ದುಡಿಯುವಾಗ ಅವರವರ ಆದಾಯಕ್ಕೆ ತಕ್ಕಂತೆ ಹೊರೆ ಹಂಚಬೇಕೆಂಬುದನ್ನು ಸುಪ್ರೀಂ ಕೋರ್ಟ್ 2000ದಲ್ಲಿ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ಪತಿಯ ಸಂಬಳ ಪತ್ನಿಯ ಸಂಬಳದ ಸುಮಾರು ಎರಡರಷ್ಟಿದ್ದುದರಿಂದ ಮಕ್ಕಳ ಖರ್ಚನ್ನು 2:1ರಂತೆ ಹಂಚಲಾಯಿತು. ನಿಮ್ಮಲ್ಲಿ 84,000ಕ್ಕೆ 28,000, ಅಂದರೆ 3:1. ಆ ಪ್ರಕಾರ ಅವರ ಪಾಲು 15,375, ನಿಮ್ಮದು 5,125. ಇದು ಅಂದಾಜು, ನ್ಯಾಯಾಧೀಶರು ಇದನ್ನು ಹೆಚ್ಚಿಸಬಹುದು, ತಗ್ಗಿಸಲೂಬಹುದು. ಆದರೆ ರಸೀದಿಗಳ ಆಧಾರವಿರುವ ಲೆಕ್ಕವನ್ನು ತಳ್ಳಿಹಾಕುವುದು ಎದುರು ಪಕ್ಷಕ್ಕೆ ಸುಲಭವಲ್ಲ.

ಜ್ವರ ಬಂದ ರಾತ್ರಿ ಎದ್ದು ಕೂರುವುದಕ್ಕೆ, ಅದಕ್ಕಾಗಿ ಮರುದಿನ ರಜೆ ಹಾಕಿ ಸಂಬಳ ಕಳೆದುಕೊಳ್ಳುವುದಕ್ಕೆ ಈ ಅನುಪಾತದಲ್ಲಿ ಜಾಗವಿಲ್ಲ. ಅದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಆದ್ದರಿಂದ ಅರ್ಜಿಯಲ್ಲಿ ಅದನ್ನೂ ಬರೆಸಿ.

ಪ್ರಶ್ನೆ (ಅವರೇ): ಹಾಗಾದರೆ ಆ 30,000 ಕಂತಿನ ಗತಿ ಏನು? ಅದನ್ನು ಕಳೆದರೆ ಅವರ ಬಳಿ 54,000 ಮಾತ್ರ ಉಳಿಯುತ್ತದೆ.

ಉತ್ತರ: ಆದಾಯ ತೆರಿಗೆ, ಕಡ್ಡಾಯ ಭವಿಷ್ಯ ನಿಧಿಯಂಥ ಕಡಿತಗಳನ್ನು ಕಳೆದು ನಿವ್ವಳ ಆದಾಯವನ್ನು ಗುರುತಿಸುವುದು ಸಾಮಾನ್ಯ ರೂಢಿ. ತನ್ನ ಹೆಸರಿಗೆ ಆಸ್ತಿ ಮಾಡಿಕೊಳ್ಳಲು ಸ್ವಇಚ್ಛೆಯಿಂದ ತೆಗೆದ ಸಾಲದ ಕಂತನ್ನು ಮುಂದಿಟ್ಟು ಮಗುವಿನ ಪಾಲನ್ನು ಕುಗ್ಗಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. 2020ರ ನವೆಂಬರ್ 4ರಂದು ಬಂದ ಸುಪ್ರೀಂ ಕೋರ್ಟಿನ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ ಮತ್ತು ಸಾಲಗಳ ವಿವರವನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಲ್ಲಿಸಬೇಕು. ನಿಮ್ಮ ಸಂಬಳವನ್ನು ನೀವೂ ಮುಚ್ಚಿಡಬೇಡಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ಅದೇ ತೀರ್ಪು ಹೇಳಿರುವುದರಿಂದ, ರಾಜಿಯ ಮಾತುಕತೆ ನಡೆಯುತ್ತಿದೆಯೆಂದು ಕಾಯುವ ಪ್ರತಿ ತಿಂಗಳೂ ಮಗಳಿಗೆ ನಷ್ಟವೇ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ 125ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಅದರಡಿ ನೀವು ವಾಸವಿರುವ ತುಮಕೂರಿನಲ್ಲೇ ಅರ್ಜಿ ಹಾಕಬಹುದು, ಪ್ರಕರಣ ಮುಗಿಯುವವರೆಗಿನ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನಾನು ತಂದೆಯ ಸ್ಥಾನದಲ್ಲಿದ್ದೇನೆ. ಆದೇಶದಂತೆ ಹಣ ಕೊಡುತ್ತಿದ್ದೇನೆ, ಆದರೆ ಆರು ತಿಂಗಳಿಂದ ಮಗನ ಮುಖ ನೋಡಲು ಬಿಟ್ಟಿಲ್ಲ. ಹಣ ನಿಲ್ಲಿಸಬಹುದೇ? ಜೊತೆಗೆ, ಈಗ ನನ್ನ ಸಂಬಳವೂ ಕಡಿಮೆಯಾಗಿದೆ.

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ನೋವು ನಿಜವಾದದ್ದು, ಆದರೆ ಭೇಟಿಯ ಹಕ್ಕು ಬೇರೆ, ಮಗುವಿನ ಅನ್ನ ಬೇರೆ. ಭೇಟಿಗಾಗಿ ಪ್ರತ್ಯೇಕ ಅರ್ಜಿ ಹಾಕಿ. ಬಾಕಿ ಉಳಿಸಿಕೊಂಡರೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ತಾಯಿ ವಸೂಲಿಗೆ ಅರ್ಜಿ ಹಾಕಬಹುದು, ಸಕಾರಣವಿಲ್ಲದೆ ಕೊಡದಿದ್ದರೆ ಸೆರೆವಾಸವೂ ಆಗಬಹುದು. ಸಂಬಳ ಕಡಿಮೆಯಾದದ್ದಕ್ಕೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಮೊತ್ತವನ್ನು ಬದಲಿಸಲು ಕೋರಬಹುದು. ಸಂಬಳದ ಹಳೆಯ ಮತ್ತು ಹೊಸ ಚೀಟಿಗಳನ್ನು ಲಗತ್ತಿಸಿ. ಆದೇಶ ಬದಲಾಗುವವರೆಗೆ ಹಳೆಯ ಮೊತ್ತವನ್ನೇ ಕೊಡಬೇಕು, ಅದೂ ಕೈಯಲ್ಲಿ ನಗದಾಗಿ ಅಲ್ಲ, ಬ್ಯಾಂಕ್ ಖಾತೆಯ ಮೂಲಕ. ಶಾಲಾ ಶುಲ್ಕವನ್ನು ನೇರವಾಗಿ ಶಾಲೆಗೆ ಕಟ್ಟುವ ಆಲೋಚನೆಯಿದ್ದರೆ ಅದನ್ನು ಜೀವನಾಂಶದಲ್ಲಿ ಹೊಂದಿಸಿಕೊಳ್ಳುವಂತೆ ಮೊದಲೇ ಆದೇಶದಲ್ಲಿ ಬರೆಸಿಕೊಳ್ಳಿ; ಇಲ್ಲವಾದರೆ ಆ ಹಣ ಲೆಕ್ಕಕ್ಕೆ ಸೇರದೆ ಹೋಗಬಹುದು.