ಪಾಲುದಾರ ಲೆಕ್ಕ ಕೊಡುತ್ತಿಲ್ಲ, ಫರ್ಮ್ ರಿಜಿಸ್ಟರ್ ಆಗಿಲ್ಲ: ಹೊರಬರೋದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮಿಬ್ಬರ ಟೈಲ್ಸ್ ಅಂಗಡಿ. ಸ್ಟಾಂಪ್ ಪೇಪರ್ ಮೇಲೆ ಡೀಡ್ ಇದೆ, ಫರ್ಮ್ ರಿಜಿಸ್ಟರ್ ಮಾಡಿಸಿಲ್ಲ. ಎಷ್ಟು ವರ್ಷಕ್ಕೆ ಅಂತಲೂ ಬರೆದಿಲ್ಲ. ಬ್ಯಾಂಕ್ ಖಾತೆ, ಸ್ಟಾಕು ಎರಡೂ ಪಾಲುದಾರರ ಕೈಯಲ್ಲೇ. ರಿಜಿಸ್ಟರ್ ಇಲ್ಲದಿದ್ದರೆ ಕೋರ್ಟಿಗೆ ಹೋಗೋಕೇ ಆಗಲ್ಲ ಅಂತಾರೆ. ನಿಜವಾ? ಬಲ್ಲವರು ತಿಳಿಸಿ.

ಸಿವಿಲ್ ವಕೀಲ, ಹುಬ್ಬಳ್ಳಿ: ಅರ್ಧ ನಿಜ ಸರ್. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಪ್ರಕಾರ ನೋಂದಣಿಯಾಗದ ಫರ್ಮ್‌ನ ಪಾಲುದಾರ ಡೀಡಿನ ಹಕ್ಕಿಗಾಗಿ ದಾವೆ ಹಾಕುವಂತಿಲ್ಲ. ಆದರೆ ಅದೇ ಕಲಂನ 3ನೇ ಉಪಕಲಂ ನೋಡಿ. ಫರ್ಮ್ ವಿಸರ್ಜಿಸಿ ಅಂತ ಕೇಳೋಕೆ, ವಿಸರ್ಜನೆಯಾದ ಫರ್ಮ್‌ನ ಲೆಕ್ಕ ಕೇಳೋಕೆ, ಅದರ ಆಸ್ತಿ ವಸೂಲಿಗೆ ಈ ತಡೆ ಇಲ್ಲ. ಫರ್ಮ್ ನಡೆಯುತ್ತಿರುವಾಗಲೇ ಬರೀ ಲೆಕ್ಕ ಕೊಡಿಸಿ ಅಂತ ಹೋದರೆ ಎದುರು ವಕೀಲರು ಮೊದಲು ಎತ್ತೋದೇ 69. ಈಗ ರಿಜಿಸ್ಟರ್ ಮಾಡಿಸೋಣ ಅಂದರೆ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು, ಅವರು ಹಾಕಲ್ಲ.

ಅವಧಿಯೂ ಇಲ್ಲ, ಮುಗಿಸುವ ಷರತ್ತೂ ಇಲ್ಲ ಅಂದರೆ ಅದು ಇಚ್ಛಾನುಸಾರ ಪಾಲುದಾರಿಕೆ. 43ನೇ ಕಲಂ ಪ್ರಕಾರ ಲಿಖಿತ ನೋಟಿಸು ಸಾಕು. ಬಹಳ ಜನ ಎಡವೋದು ಇಲ್ಲೇ. "15 ದಿನದಲ್ಲಿ ಲೆಕ್ಕ ಕೊಡದಿದ್ದರೆ ವಿಸರ್ಜಿಸಬೇಕಾಗುತ್ತದೆ" ಅಂತ ಬರೆದರೆ ಅದು ಬೆದರಿಕೆ ಆಗುತ್ತೆ, ವಿಸರ್ಜನೆ ಆಗಲ್ಲ. "ನಿವೃತ್ತನಾಗುತ್ತೇನೆ" ಅಂತಲೂ ಬೇಡ, ಅದರ ದಾರಿಯೇ ಬೇರೆ. ಇಂಥ ತಾರೀಖಿನಿಂದ ಫರ್ಮ್ ವಿಸರ್ಜನೆಯಾಗಿದೆ ಅಂತ ನೇರವಾಗಿ ಬರೆಯಿರಿ. ತಾರೀಖು ಹಾಕದಿದ್ದರೆ ನೋಟಿಸು ಅವರಿಗೆ ತಲುಪಿದ ದಿನವೇ ಲೆಕ್ಕ. ಲೆಕ್ಕದ ದಾವೆಗೆ ಮೂರು ವರ್ಷದ ಕಾಲಮಿತಿಯೂ ವಿಸರ್ಜನೆಯ ದಿನದಿಂದಲೇ ಶುರು, ಹಾಗಾಗಿ ತಲುಪಿದ ಪುರಾವೆ ಜೋಪಾನ.

ಲೆಕ್ಕಪರಿಶೋಧಕ: ನೋಟಿಸು ಕಳಿಸೋಕೆ ಮುಂಚೆ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಬ್ಯಾಕಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ನಿಂದ ಜಿಎಸ್‌ಟಿಆರ್-1 (ಮಾರಾಟದ ವಿವರ), 2ಬಿ (ಖರೀದಿಯ ವಿವರ) ಎಲ್ಲ ಇಳಿಸಿಕೊಳ್ಳಿ. ನೋಟಿಸು ಮುಟ್ಟಿದ ಮೇಲೆ ಪಾಸ್‌ವರ್ಡ್ ಬದಲಾಗುತ್ತೆ. ವರ್ಷದ ಆರಂಭದ ಸ್ಟಾಕಿಗೆ 2ಬಿಯಲ್ಲಿರುವ ಖರೀದಿ ಕೂಡಿಸಿ, ಮಾರಿದ ಮಾಲಿನ ಅಸಲು ಕಳೆದರೆ ಗೋಡೌನಿನಲ್ಲಿ ಎಷ್ಟಿರಬೇಕು ಅಂತ ಅಂದಾಜು ಸಿಗುತ್ತೆ. ಒಡೆದ ಪೆಟ್ಟಿಗೆಗಳ ನೆಪ ಹೇಳೇ ಹೇಳ್ತಾರೆ.

ಹಂಚಿಕೆ 48ನೇ ಕಲಂನಂತೆ. ಸ್ಟಾಕು, ಬಾಕಿ ಎಲ್ಲ ಸೇರಿ ₹24 ಲಕ್ಷ ಬಂತು ಅನ್ನಿ. ಹೊರಗಿನವರ ಸಾಲ 12, ಆಮೇಲೆ ನೀವು ಫರ್ಮ್‌ಗೆ ಕೊಟ್ಟ ಕೈಸಾಲ 5, ಉಳಿದದ್ದು 7. ಬಂಡವಾಳ ನಿಮ್ಮದು 8, ಅವರದು 4, ಅಂದರೆ 5 ಲಕ್ಷ ಕೊರತೆ. ಈ ಕೊರತೆಯನ್ನ ಲಾಭದ ಪ್ರಮಾಣದಲ್ಲಿ ಹೊರಬೇಕು, ಬಂಡವಾಳದ ಪ್ರಮಾಣದಲ್ಲಿ ಅಲ್ಲ. ಸಮಪಾಲು ಇದ್ದರೆ ತಲಾ ಎರಡೂವರೆ: ನಿಮಗೆ 5.5, ಅವರಿಗೆ 1.5. ಡೀಡ್‌ನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತೆ. ಕೈಸಾಲವನ್ನ ಬಂಡವಾಳ ಖಾತೆಗೆ ಜಮಾ ಮಾಡಿಸಿದ್ದರೆ ಜಗಳ ಗ್ಯಾರಂಟಿ.

ಇನ್ನೊಬ್ಬ ವಕೀಲರು: ಡೀಡ್‌ನಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಷರತ್ತು ಇದೆಯಾ ನೋಡಿ. ಇದ್ದರೆ ಕೋರ್ಟು ಅಲ್ಲಿಗೇ ಕಳಿಸುತ್ತೆ. ಇಲ್ಲದಿದ್ದರೆ, ₹3 ಲಕ್ಷಕ್ಕಿಂತ ಕಡಿಮೆಯಿಲ್ಲದ ಪಾಲುದಾರಿಕೆ ವ್ಯಾಜ್ಯ ವಾಣಿಜ್ಯ ನ್ಯಾಯಾಲಯದ್ದು. ತುರ್ತು ತಡೆಯಾಜ್ಞೆ ಕೇಳದೆ ಹಾಕಿದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಪ್ರಕಾರ ಮೊದಲು ಸಂಧಾನಕ್ಕೆ ಹೋಗಲೇಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಅಂದಿದೆ. ನಿಮ್ಮದರಲ್ಲಿ ಮಾಲು ಸಾಗಿಸುವ ಭಯ ಇದ್ದರೆ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರು) ನೇಮಕದ ಅರ್ಜಿಯನ್ನೂ ಸೇರಿಸಿ. ಸುಮ್ಮನೆ ಹೆಸರಿಗೆ ಒಂದು ತುರ್ತು ಅರ್ಜಿ ಹಾಕಿ ಸಂಧಾನ ತಪ್ಪಿಸಿಕೊಳ್ಳೋಣ ಅನ್ನೋದು ನಡೆಯಲ್ಲ.

ಡೀಡ್‌ಗೆ ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ ಸಾಕ್ಷ್ಯವಾಗಿ ಹಾಜರುಪಡಿಸುವಾಗ ಕೊರತೆಯ ಜೊತೆ ಹತ್ತು ಪಟ್ಟು ದಂಡ ಬೀಳುತ್ತೆ, ಈಗಲೇ ನೋಡಿಸಿ.

ಲೆಕ್ಕಪರಿಶೋಧಕ: ಒಂದು ಬಿಟ್ಟುಹೋಯ್ತು. ವಿಸರ್ಜನೆ ಬಗ್ಗೆ ರಾಜ್ಯಪತ್ರ (ಗೆಜೆಟ್) ಮತ್ತು ಒಂದು ಕನ್ನಡ ಪತ್ರಿಕೆಯಲ್ಲಿ ಸಾರ್ವಜನಿಕ ನೋಟಿಸು ಕೊಡಿ. ಕೊಡುವವರೆಗೆ ಅವರು ಫರ್ಮ್ ಹೆಸರಲ್ಲಿ ಮಾಡಿದ ಉದ್ರಿ ಖರೀದಿಗೆ 45ನೇ ಕಲಂನಂತೆ ನೀವೂ ಹೊಣೆ. ಬ್ಯಾಂಕಿಗೂ ಮಾಲು ಕೊಡುವ ಕಂಪನಿಗಳಿಗೂ ಅದೇ ದಿನ ಪ್ರತ್ಯೇಕ ಪತ್ರ ಹೋಗಲಿ, ರಾಜ್ಯಪತ್ರ ಓದುವವರು ಯಾರೂ ಇಲ್ಲ.